ಪಿ ಅಕ್ಷರದ ನೆತ್ತಿ ಎಲ್ಲಿದೆ?

(ಮಡಿಕೇರಿಯಲ್ಲಿ ಗಣಿತ ಅಧ್ಯಾಪಕರು ಮತ್ತು ಡಿಟಿಪಿ ಕೆಲಸ ಮಾಡುವವರ ಮುಂದೆ, ಗಣಿತದ ಅಕ್ಷರದ ಮೇಲೆ ಹೊಸದೊಂದು ಗುರುತು ಅಚ್ಚು ಮಾಡುವುದು ಹೇಗೆ ಎಂಬ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ ಆಜ್ಞೆಗಳನ್ನು ಇಲ್ಲಿ ಬಾಯಲ್ಲಿ ಓದಿ ಹೇಳಿದ ಹಾಗೆಯೇ ಕೊಟ್ಟಿದೆ.)

ಮಳೆಯಿಂದಲೇ ಶುರು ಮಾಡುತ್ತೇನೆ. ಕೊಡಗಿನಲ್ಲಿ ಮಾತು ಎಲ್ಲಿಂದ ಹೊರಟರೂ ಅಲ್ಲಿಗೇ ಬಂದು ನಿಲ್ಲುತ್ತದೆ, ಅದನ್ನು ಮೊದಲೇ ಮುಗಿಸಿಬಿಡೋಣ.

ಚೆಟ್ಟಳ್ಳಿ ಕಡೆ ತೋಟ ಮಾಡಿಕೊಂಡಿರುವ ನನ್ನ ಸ್ನೇಹಿತರೊಬ್ಬರಿದ್ದಾರೆ. ಓದಿದ್ದು ಗಣಿತ. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಡೈರಿಯಲ್ಲಿ ಇಂಚು, ಸೆಂಟ್ ಬರೆಯುತ್ತಾರೆ. ಇಲ್ಲಿ ಕೂತವರಲ್ಲಿ ಎಷ್ಟೋ ಜನರ ಮನೆಯಲ್ಲಿ ಅಂಥ ಡೈರಿ ಇದೆ. ಹೊರಗಿನಿಂದ ಬಂದವರಿಗಾಗಿ ಹೇಳುತ್ತೇನೆ: ಒಂದು ಇಂಚಿಗೆ ನೂರು ಸೆಂಟ್. ಮಾರ್ಚಿನಲ್ಲಿ "ಹೂಮಳೆ ಎಷ್ಟಾಯ್ತು?" ಅಂತ ಕೇಳಿದರೆ "ಎಂಬತ್ತು ಸೆಂಟ್" ಅನ್ನುವ ಥರದ ಉತ್ತರ ಬರುತ್ತದೆ. ಇವರು ಒಂದು ವರ್ಷ ಎರಡು ಮಾಪಕ ಇಟ್ಟರು. ಒಂದು ಕಾಫಿ ಕಣದ ಬಯಲಿನಲ್ಲಿ, ಇನ್ನೊಂದು ತೋಟದೊಳಗೆ ಮರದ ನೆರಳಿನಲ್ಲಿ. ಆಕಾಶದಿಂದ ಬಿದ್ದದ್ದು ಒಂದು ಲೆಕ್ಕ, ಎಲೆ ಕೊಂಬೆ ದಾಟಿ ಕೆಳಗಿಳಿದದ್ದು ಇನ್ನೊಂದು ಲೆಕ್ಕ. ಎರಡನ್ನೂ ಹೋಲಿಸಿ ವಿದ್ಯಾರ್ಥಿಗಳಿಗೆಂದು ಒಂದು ಟಿಪ್ಪಣಿ ಬರೆದರು. ಮಳೆಗೆ ಇಂಗ್ಲಿಷಿನ ಪಿ ಅಕ್ಷರ. ಸರಾಸರಿಗೆ ಪಿ ಮೇಲೊಂದು ಗೀಟು, ಅಂದಾಜಿಗೆ ಪಿ ಮೇಲೊಂದು ಟೋಪಿ. ಇದು ಸಂಖ್ಯಾಶಾಸ್ತ್ರದ ವಾಡಿಕೆ. ನೆರಳಿನ ಮಳೆಗೆ ಏನು ಮಾಡುವುದು? ಪಿ ಮೇಲೆ ಸಣ್ಣ ಕಮಾನೊಂದನ್ನು ಪೆನ್ನಿನಲ್ಲಿ ಬರೆದು ಕೊಟ್ಟು, "ಇದು ಗೊರಬು ಮಾಷ್ಟ್ರೇ, ಹೀಗೇ ಅಚ್ಚಾಗಬೇಕು" ಅಂದರು. ಗೊರಬು ಗೊತ್ತಲ್ಲ, ನಾಟಿ ಗದ್ದೆಯಲ್ಲಿ ತಲೆಯಿಂದ ಬೆನ್ನವರೆಗೆ ಹೊದ್ದುಕೊಳ್ಳುತ್ತಿದ್ದ ಎಲೆಯ ಹೊದಿಕೆ. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ.

ನಾನು ಹಿಂದುಮುಂದು ನೋಡದೆ ಒಪ್ಪಿಕೊಂಡೆ. ಮೊದಲ ಪ್ರತಿಯನ್ನು ಮಾಮೂಲಿ ವರ್ಡ್ ಪ್ರೊಸೆಸರಿನಲ್ಲಿ ಮಾಡಿ, ಪ್ರತಿ ಪಿ ಮೇಲೂ ಮೌಸ್ ಹಿಡಿದು ಒಂದೊಂದು ಕಮಾನಿನ ಚಿತ್ರ ಕೂರಿಸಿದೆ. ಅವರು ಮೂರನೇ ಪುಟದಲ್ಲಿ ಎರಡು ಸಾಲು ಸೇರಿಸಿ ವಾಪಸ್ ಕಳಿಸಿದರು. ಪಿ ಅಕ್ಷರಗಳೆಲ್ಲ ಎರಡು ಸಾಲು ಕೆಳಗೆ ಹೋಗಿದ್ದವು, ಗೊರಬುಗಳು ಇದ್ದಲ್ಲೇ ಇದ್ದವು. ಆಳು ಗದ್ದೆಯಲ್ಲಿ, ಗೊರಬು ದಿಣ್ಣೆಯ ಮೇಲೆ.

ಆ ರಾತ್ರಿ, ಆಜ್ಞೆ ಬರೆದು ಪುಟ ಜೋಡಿಸುವ ಲೇಟೆಕ್‌ಗೆ ಬಂದೆ. ಇದನ್ನು ಲೇಟೆಕ್ಸ್ ಅನ್ನಬೇಡಿ, ಸಂಪಾಜೆ ಕಡೆಯವರಿಗೆ ರಬ್ಬರ್ ಹಾಲಿನ ನೆನಪಾಗುತ್ತದೆ. ಕೊನೆಯಲ್ಲಿ ಕಾಣುವುದು ಇಂಗ್ಲಿಷಿನ ಎಕ್ಸ್ ಅಲ್ಲ, ಗ್ರೀಕಿನ ಕೈ ಅಕ್ಷರ. ಅದಕ್ಕೇ ಟೆಕ್, ಲೇಟೆಕ್. ಟೆಕ್ ಹುಟ್ಟಿದ್ದೂ ಕೆಟ್ಟ ಕರಡಚ್ಚಿನ ಸಿಟ್ಟಿನಿಂದಲೇ. 1977ರಲ್ಲಿ ಡೊನಾಲ್ಡ್ ಕನೂತ್ ಎಂಬ ಗಣಕವಿಜ್ಞಾನಿ ತಮ್ಮ ದೊಡ್ಡ ಪುಸ್ತಕದ ಎರಡನೇ ಸಂಪುಟದ ಹೊಸ ಆವೃತ್ತಿ ಅಚ್ಚಿಗೆ ಹೋದಾಗ ಬಂದ ಕರಡು ನೋಡಿ ಬೇಸತ್ತು, ತಾವೇ ಅಕ್ಷರ ಜೋಡಿಸುವ ಪ್ರೋಗ್ರಾಂ ಬರೆಯಲು ಕೂತರು. ಅದರ ಆವೃತ್ತಿಯ ಸಂಖ್ಯೆ ಪ್ರತಿ ತಿದ್ದುಪಡಿಗೂ ಪೈ ಬೆಲೆಗೆ ಒಂದೊಂದು ಅಂಕಿ ಹತ್ತಿರವಾಗುತ್ತದೆ: 3.14159 ಅಂತ ಮುಂದೆ ಮುಂದೆ. ಲೇಟೆಕ್ ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ ಅಟ್ಟ. ಚರಿತ್ರೆ ಇಷ್ಟು ಸಾಕು.

ಅಕ್ಷರದ ಮೇಲೆ ಗುರುತು ಹಾಕುವುದು ನಮಗೇನು ಹೊಸದಲ್ಲ. ಗುಡಿಸು, ಏತ್ವ, ತಲೆಕಟ್ಟು ಬರೆಯುತ್ತಲೇ ಅಕ್ಷರ ಕಲಿತವರು ನಾವು. ಆದರೆ ಗಮನಿಸಿ: ಕ ಅಕ್ಷರಕ್ಕೆ ಗುಡಿಸು ಹಾಕಿದರೆ ಅದು ತಲೆಕಟ್ಟಿನ ಮೇಲೆ ಹೋಗಿ ಕೂರುವುದಿಲ್ಲ, ತಲೆಕಟ್ಟನ್ನೇ ನುಂಗಿ ಕಿ ಆಗುತ್ತದೆ. ಮೊಳೆ ಜೋಡಿಸುವ ಕಾಲದಲ್ಲಿ ಕಿ, ಗಿ, ತಿ ಎಲ್ಲಕ್ಕೂ ಬೇರೆ ಬೇರೆ ಮೊಳೆ ಇರುತ್ತಿತ್ತು. ಗಣಿತದ ತಲೆಗುರುತು ಹಾಗಲ್ಲ. (ಮ್ಯಾಥ್ ಆಕ್ಸೆಂಟ್ ಅನ್ನುವುದನ್ನು ನಾನು ತಲೆಗುರುತು ಎಂದು ಕರೆಯುತ್ತಿದ್ದೇನೆ, ನಿಮಗೆ ಹಿಡಿಸದಿದ್ದರೆ ಬಿಡಿ.) ಅಲ್ಲಿ ಅಕ್ಷರ ಬೇರೆ, ಗುರುತು ಬೇರೆ, ಎರಡೂ ಮುಟ್ಟಿಕೊಳ್ಳಬಾರದು, ದೂರವೂ ಹೋಗಬಾರದು. ಒಂದೇ ಟೋಪಿ ಗಿಡ್ಡನಿಗೂ ಎತ್ತರದವನಿಗೂ ಓರೆಯಾಗಿ ನಿಂತವನಿಗೂ ಸರಿಯಾಗಿ ಕೂರಬೇಕು.

ಟೆಕ್ ಇದನ್ನು ಮಾಡುವ ಬಗೆ ನೋಡಿ. ಒಳಗೆ ಮ್ಯಾಥ್‌ಆಕ್ಸೆಂಟ್ ಎಂಬ ಮೂಲ ಆಜ್ಞೆ ಒಂದಿದೆ. ಸರಾಸರಿಯ ಗೀಟಿಗೆ, ಅಂದರೆ ಬಾರ್ ಗುರುತಿಗೆ, ಅದರ ಮುಂದೆ 7016 ಎಂಬ ಸಂಖ್ಯೆ ಬರೆದಿದೆ. ಇದು ಏಳು ಸಾವಿರದ ಹದಿನಾರು ಅಲ್ಲ, ವಿಳಾಸ. ಕೊನೆಯ 16 ಫಾಂಟಿನೊಳಗಿನ ಮನೆ ನಂಬರ್. ಹದಿನಾರರ ಮಾನದಲ್ಲಿ ಬರೆದದ್ದು, ನಮ್ಮ ಲೆಕ್ಕದಲ್ಲಿ 22. ಅದರ ಹಿಂದಿನ 0 ಫಾಂಟ್ ಯಾವುದೆಂದು ಹೇಳುತ್ತದೆ. ಮುಂದಿನ 7 ಸ್ವಲ್ಪ ಕಿತಾಪತಿಯದು. "ಈಗ ಯಾವ ಗಣಿತ ಫಾಂಟು ಜಾರಿಯಲ್ಲಿದೆಯೋ ಆ ಫಾಂಟಿನಲ್ಲೇ ಈ ಮನೆ ಹುಡುಕು" ಅಂತ ಅದರ ಅರ್ಥ. ದಪ್ಪ ಅಕ್ಷರ ಬಂದರೆ ಗೀಟೂ ದಪ್ಪವಾಗಲಿ ಎಂಬ ಒಳ್ಳೆಯ ಉದ್ದೇಶ.

ಕಿತಾಪತಿ ಯಾಕೆ ಅಂದೆ? ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಿದ್ದೀರಲ್ಲ? ಕನ್ನಡ ಹೋಗಿ ಇಂಗ್ಲಿಷಿನ ಚಿಂದಿ ಅಕ್ಷರಗಳು ಕಾಣುತ್ತವೆ. ಮನೆ ನಂಬರ್ ಅದೇ, ಮನೆಯಲ್ಲಿರುವವರು ಬೇರೆ. ಇಲ್ಲೂ ಅದೇ ಆಗುತ್ತದೆ. ಬರಿಯ ಲೇಟೆಕ್‌ನಲ್ಲಿ ಮ್ಯಾಥ್‌ಕ್ಯಾಲ್ ಎಂಬ ಅಲಂಕಾರದ ಅಕ್ಷರದ ಆವರಣದೊಳಗೆ ಬಾರ್ ಹಾಕಿ ನೋಡಿ. ಆ ಫಾಂಟಿನ ಅದೇ 16ನೇ ಮನೆಯಲ್ಲಿರುವುದು ಗೀಟಲ್ಲ, "ಪೂರ್ವವರ್ತಿ ಅಥವಾ ಸಮ" ಎಂಬ ಡೊಂಕು ಚಿಹ್ನೆ. ಅಕ್ಷರದ ನೆತ್ತಿಯ ಮೇಲೆ ಅದು ಬಂದು ಕೂರುತ್ತದೆ. ಹ್ಯಾಟ್ ಹಾಕಿದರೆ ಇನ್ನೂ ಮೋಸ. ಆ ಮನೆಯಲ್ಲಿರುವುದು ತರ್ಕಶಾಸ್ತ್ರದ "ಮತ್ತು" ಚಿಹ್ನೆ, ಅದೂ ಟೋಪಿಯ ಹಾಗೇ ಇರುವುದರಿಂದ ಕರಡು ತಿದ್ದುವವರ ಕಣ್ಣಿಗೆ ಬೀಳುವುದೇ ಇಲ್ಲ. ಬಾರ್ ಹೊರಗೆ, ಅಲಂಕಾರ ಒಳಗೆ ಬರೆದರೆ ತೊಂದರೆ ಇಲ್ಲ. ಇದನ್ನು ಬರೆದುಕೊಳ್ಳಿ, ಪ್ರಶ್ನೆಪತ್ರಿಕೆ ಮಾಡುವವರಿಗೆ ಬೇಕಾಗುತ್ತದೆ.

ವಿಳಾಸ ಸಿಕ್ಕಿತು. ಗುರುತನ್ನು ಎಲ್ಲಿ ಕೂರಿಸಬೇಕು? ಎರಡು ಲೆಕ್ಕ: ಎಷ್ಟು ಮೇಲೆ, ಎಷ್ಟು ಪಕ್ಕಕ್ಕೆ.

ಮೇಲಕ್ಕೆ ಏರಿಸುವ ಲೆಕ್ಕ ಸುಲಭ. ಟೋಪಿ, ಗೀಟು ಎಲ್ಲವನ್ನೂ ಫಾಂಟ್ ಮಾಡುವಾಗಲೇ ಗಿಡ್ಡ ಅಕ್ಷರದ ಮೇಲೆ, ಎಕ್ಸ್ ಅಕ್ಷರದ ಎತ್ತರಕ್ಕೆ ಸರಿಯಾಗಿ ಬರೆದಿರುತ್ತಾರೆ. ಟೆಕ್‌ನ ಮಾಮೂಲಿ ಫಾಂಟಾದ 10 ಪಾಯಿಂಟಿನ ಕಂಪ್ಯೂಟರ್ ಮಾಡರ್ನ್‌ನಲ್ಲಿ ಆ ಎತ್ತರ ಸುಮಾರು 4.31 ಪಾಯಿಂಟ್. (ಪಾಯಿಂಟ್ ಅಂದರೆ ಅಚ್ಚಿನವರ ಅಳತೆ, ಸುಮಾರು ಮೂರನೇ ಒಂದು ಮಿಲಿಮೀಟರ್.) ನಮ್ಮ ದೊಡ್ಡ ಪಿ 6.83 ಪಾಯಿಂಟ್ ಎತ್ತರ. ವ್ಯತ್ಯಾಸ ಎರಡೂವರೆ ಪಾಯಿಂಟ್. ಗುರುತನ್ನು ಅಷ್ಟು ಎತ್ತಿದರಾಯಿತು.

ಪಕ್ಕಕ್ಕೆ ಸರಿಸುವುದರಲ್ಲಿ ಜಾಣತನವಿದೆ. ಗಣಿತದ ಅಕ್ಷರ ಓರೆ. ಓರೆ ಅಕ್ಷರದ ಅಗಲದ ನಡು ಒಂದು ಕಡೆ, ನೆತ್ತಿ ಇನ್ನೊಂದು ಕಡೆ. ದೊಡ್ಡ ಎ ನೋಡಿ, ಅದರ ತುದಿ ಬಲಕ್ಕೆ ವಾಲಿದೆ. ನೆತ್ತಿ ಎಲ್ಲಿದೆ ಎಂದು ಟೆಕ್‌ಗೆ ತಾನಾಗಿ ತಿಳಿಯುವುದಿಲ್ಲ, ಅಕ್ಷರದ ಆಕಾರ ಅದರ ಕಣ್ಣಿಗೆ ಕಾಣುವುದೇ ಇಲ್ಲ. ಕನೂತ್ ಒಂದು ಉಪಾಯ ಮಾಡಿದರು. ಅಕ್ಕಪಕ್ಕದ ಅಕ್ಷರಗಳ ನಡುವಿನ ಜಾಗ ಹೊಂದಿಸಲು ಫಾಂಟಿನಲ್ಲಿ ಕರ್ನ್ ಎಂಬ ಪಟ್ಟಿ ಇರುತ್ತದೆ. ಯಾರೂ ಒಟ್ಟಿಗೆ ಬರೆಯದ ಒಂದು ಅಕ್ಷರವನ್ನು ಗುರುತಿಸಿ, ಅದಕ್ಕೆ ಸ್ಕ್ಯೂಕ್ಯಾರ್ ಎಂದು ಹೆಸರಿಟ್ಟು, ಅದರ ಜೊತೆಗಿನ ಕರ್ನ್ ಬೆಲೆಯಲ್ಲಿ ನೆತ್ತಿಯ ಗುಟ್ಟನ್ನು ಬಚ್ಚಿಟ್ಟರು. ದೊಡ್ಡ ಎ ಅಕ್ಷರಕ್ಕೆ 1.39 ಪಾಯಿಂಟ್ ಬಲಕ್ಕೆ. ಸಣ್ಣ ಡಿ, ಸಣ್ಣ ಎಫ್‌ಗೆ 1.67. ನಮ್ಮ ಪಿಗೆ 0.83. ಸಣ್ಣ ಐಗೆ ಸೊನ್ನೆ. ಎ ಮೇಲಿನ ಟೋಪಿ 1.39 ಪಾಯಿಂಟ್ ತಪ್ಪಿದರೆ ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್. ಕಡಿಮೆ ಅನ್ನಿಸಬಹುದು, ಪುಟದಲ್ಲಿ ಮಾತ್ರ ಟೋಪಿ ಜಾರಿದ ಹಾಗೆ ಎದ್ದು ಕಾಣುತ್ತದೆ. ಈ ಗುಟ್ಟು ಇರುವುದು ಗುರುತಿನ ಫಾಂಟಿನಲ್ಲಲ್ಲ, ಅಕ್ಷರದ ಫಾಂಟಿನಲ್ಲಿ. ಮುಂದೆ ಇದು ಉಪಕಾರಕ್ಕೆ ಬರುತ್ತದೆ.

ಈಗ ಗೊರಬು. ಎಲ್ಲರೂ ಮಾಡುವುದನ್ನೇ ನಾನೂ ಮೊದಲು ಮಾಡಿದೆ: ಓವರ್‌ಸೆಟ್ ಆಜ್ಞೆ. ಒಂದರ ಮೇಲೆ ಒಂದನ್ನು ಇಡುವುದು. ಲೇಟೆಕ್‌ನಲ್ಲಿ ಫ್ರೌನ್ ಎಂಬ ಕಮಾನಿನಂಥ ಚಿಹ್ನೆ ಇದೆ, ಅದನ್ನೇ ಪಿ ಮೇಲೆ ಇಟ್ಟೆ. ಬಂತು. ಆದರೆ ಅದು ಅಟ್ಟದ ಮೇಲಿಟ್ಟ ಪಾತ್ರೆ, ಹೊದಿಕೆಯಲ್ಲ. ಅಕ್ಷರಕ್ಕೂ ಅದಕ್ಕೂ ನಡುವೆ ಬೇಡದ ಜಾಗ, ನೆತ್ತಿಯ ಲೆಕ್ಕವೇ ಇಲ್ಲ, ಪ್ಯಾರಾದ ನಡುವೆ ಬಂದಲ್ಲೆಲ್ಲ ಸಾಲುಗಳ ಅಂತರ ಉಬ್ಬಿಕೊಂಡಿತು. ಒಂದು ಸಲ ಬಳಸಿ ಬಿಡುವುದಾದರೆ ಅಡ್ಡಿಯಿಲ್ಲ. ನಾನು ನೂರಾರು ಕಡೆ ಬಳಸಬೇಕಿತ್ತು.

ಎರಡನೇ ಪ್ರಯತ್ನ ಜಾಣತನದ್ದು ಅಂದುಕೊಂಡಿದ್ದೆ. ಲೇಟೆಕ್‌ನಲ್ಲಿ ಡಿಕ್ಲೇರ್‌ಮ್ಯಾಥ್‌ಆಕ್ಸೆಂಟ್ ಎಂಬ ಆಜ್ಞೆ ಇದೆ. ಅದಕ್ಕೆ ನಾಲ್ಕು ಮಾತು ಹೇಳಬೇಕು: ಹೊಸ ಗುರುತಿನ ಹೆಸರು, ಅದರ ಜಾತಿ, ಫಾಂಟು, ಮನೆ ನಂಬರ್. ಜಾತಿ ಮ್ಯಾಥಾಲ್ಫಾ ಅಂದರೆ ಆಗ ಹೇಳಿದ 7ರ ಕಿತಾಪತಿ. ಮ್ಯಾಥಾರ್ಡ್ ಅಂದರೆ "ಎಲ್ಲಿಗೂ ಹೋಗಬೇಡ, ಹೇಳಿದ ಫಾಂಟಿನಲ್ಲೇ ಇರು". ವೆಕ್ಟರಿನ ಬಾಣವನ್ನು ಲೇಟೆಕ್ ಘೋಷಿಸುವುದು ಮ್ಯಾಥಾರ್ಡ್ ಎಂದೇ. ಫ್ರೌನ್ ಇರುವುದು ಅದೇ ಓರೆ ಅಕ್ಷರಗಳ ಫಾಂಟಿನ 95ನೇ ಮನೆಯಲ್ಲಿ. ಒಂದೇ ಸಾಲು ಬರೆದೆ: ಗೊರಬು, ಮ್ಯಾಥಾರ್ಡ್, ಲೆಟರ್ಸ್, 95. ಓಡಿಸಿದೆ. ತಪ್ಪು ಇದೆ ಎಂಬ ಸಂದೇಶ ಒಂದೂ ಬರಲಿಲ್ಲ. ಪುಟ ತೆರೆದರೆ ಕಮಾನು ಪಿ ಅಕ್ಷರದ ಹೊಟ್ಟೆ ಸೀಳಿಕೊಂಡು ಹೋಗಿತ್ತು.

ಲೆಕ್ಕ ಹಾಕಿದಾಗ ಕಾರಣ ಹೊಳೆಯಿತು. ಫ್ರೌನ್ ತಲೆಗುರುತಾಗಿ ಹುಟ್ಟಿದ್ದಲ್ಲ, ಎರಡು ಅಕ್ಷರಗಳ ನಡುವೆ ಬರುವ ಸಂಬಂಧಸೂಚಕ. ಹಾಗಾಗಿ ಅದರ ಜಾಗ ಸಾಲಿನ ನಡುಮಟ್ಟ. 10 ಪಾಯಿಂಟಿನಲ್ಲಿ ಅದರ ಕೆಳಗಿನ ಅಂಚು ಪಾದರೇಖೆಯಿಂದ 1.42, ಮೇಲಿನ ಅಂಚು 3.58 ಪಾಯಿಂಟ್. ಟೆಕ್ ತನ್ನ ನಿಯಮದಂತೆ ಎರಡೂವರೆ ಪಾಯಿಂಟ್ ಎತ್ತಿತು; 3.95ರಿಂದ 6.1ರವರೆಗೆ ಬಂದು ಕೂತಿತು. ಪಿ ಎತ್ತರ 6.83. ಕಮಾನು ಅಕ್ಷರದ ಒಳಗೇ ಉಳಿಯಿತು. ಸಾಲದ್ದಕ್ಕೆ ಅದರ ಅಗಲ 10 ಪಾಯಿಂಟ್, ಪಿ ಅಗಲ 6.42. ಗುರುತು ಎಷ್ಟೇ ಅಗಲವಿದ್ದರೂ ಟೆಕ್ ಜಾಗ ಕೊಡುವುದು ಅಕ್ಷರದಷ್ಟೇ. ಹಾಗಾಗಿ ಎರಡೂ ಕಡೆ ಪಕ್ಕದವರ ಬೇಲಿಯೊಳಗೆ ಕಾಲು ಚಾಚಿತ್ತು.

ಇಲ್ಲಿ ನಿಮ್ಮಲ್ಲಿ ಕೆಲವರು ಆಕ್ಸೆಂಟ್ಸ್ ಎಂಬ ಪ್ಯಾಕೇಜ್, ಅಂದರೆ ಲೇಟೆಕ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಆಜ್ಞೆಗಳ ಕಟ್ಟಿನ ಹೆಸರು ಹೇಳುತ್ತೀರಿ. ಸರಿ. ಆಕ್ಸೆಂಟ್‌ಸೆಟ್ ಎಂಬ ಅದರ ಆಜ್ಞೆಯಿಂದ ಯಾವ ಚಿಹ್ನೆಯನ್ನಾದರೂ ತಲೆಗುರುತು ಮಾಡಬಹುದು, ಅಂಡರ್‌ಆಕ್ಸೆಂಟ್ ಎಂಬ ಇನ್ನೊಂದು ಆಜ್ಞೆಯಿಂದ ಅಕ್ಷರದ ಕೆಳಗೂ ಹಾಕಬಹುದು. ನಕ್ಷತ್ರ, ಸೊನ್ನೆ ಇಂಥದ್ದಕ್ಕೆ ನಾನೂ ಅದನ್ನೇ ಬಳಸುತ್ತೇನೆ, ನಿಮಗೂ ಅದನ್ನೇ ಹೇಳುತ್ತೇನೆ. ನನಗೆ ಬೇಕಾದ ಆಕಾರವೇ ಇಲ್ಲದಿದ್ದಾಗ ಮಾತ್ರ ಮೂರನೇ ದಾರಿ: ಒಂದೇ ಒಂದು ಅಕ್ಷರದ ಫಾಂಟು ಮಾಡುವುದು.

ಹೆದರಬೇಡಿ, ಫಾಂಟ್ ಬರೆಯುವ ಪ್ರೋಗ್ರಾಂ ಆದ ಮೆಟಾಫಾಂಟ್‌ನಲ್ಲಿ ಅದು ಹತ್ತು ಹನ್ನೆರಡು ಸಾಲು. ಮೂರು ಬಿಂದು ಗುರುತಿಸಿ, ಒಂದು ದುಂಡು ಪೆನ್ನು ಹಿಡಿದು, ಎಡದಿಂದ ಬಲಕ್ಕೆ ಎಳೆ ಅನ್ನುವುದು. ಟೋಪಿ ಎಷ್ಟು ಎತ್ತರದಲ್ಲಿದೆಯೋ ಅದೇ ಪಟ್ಟಿಯಲ್ಲಿ ಕಮಾನು ಬರೆದೆ: ಕೆಳ ಅಂಚು 5.4, ಮೇಲಂಚು 6.9 ಪಾಯಿಂಟ್, ಅಗಲ 5. ಆಮೇಲೆ ಲೇಟೆಕ್‌ಗೆ ಈ ಫಾಂಟನ್ನು ಡಿಕ್ಲೇರ್‌ಸಿಂಬಲ್‌ಫಾಂಟ್ ಮೂಲಕ ಪರಿಚಯಿಸಿ, ಅದರ ಮೇಲೆ ಡಿಕ್ಲೇರ್‌ಮ್ಯಾಥ್‌ಆಕ್ಸೆಂಟ್ ಸಾಲು. ಓಡಿಸಿದೆ. ಈ ಸಲ ಗೊರಬು ಪಿ ಬಿಟ್ಟು ಮೇಲಕ್ಕೆ ಹಾರಿಹೋಗಿತ್ತು. ಜುಲೈ ಗಾಳಿಗೆ ಸಿಕ್ಕ ಹಾಗೆ.

ರಾತ್ರಿ ಹನ್ನೊಂದಾಗಿತ್ತು, ಕರೆಂಟ್ ಬೇರೆ ಎರಡು ಸಲ ಹೋಗಿತ್ತು. ಅಳತೆ ಹಿಡಿದು ನೋಡಿದೆ. ಇರಬೇಕಾದ್ದಕ್ಕಿಂತ 4.3 ಪಾಯಿಂಟ್ ಜಾಸ್ತಿ, ಒಂದೂವರೆ ಮಿಲಿಮೀಟರ್. 4.3 ಎಲ್ಲೋ ಕೇಳಿದ ಸಂಖ್ಯೆ ಅನ್ನಿಸುತ್ತಿದೆಯಲ್ಲವೇ? ಎಕ್ಸ್ ಅಕ್ಷರದ ಎತ್ತರ. "ಅಕ್ಷರದ ಎತ್ತರದಲ್ಲಿ ಎಕ್ಸ್ ಎತ್ತರ ಕಳೆದು ಅಷ್ಟು ಎತ್ತು" ಅನ್ನುವ ನಿಯಮ ಹೇಳಿದೆನಲ್ಲ, ಟೆಕ್ ಆ ಎಕ್ಸ್ ಎತ್ತರವನ್ನು ಕೇಳುವುದು ಗುರುತಿನ ಫಾಂಟನ್ನು, ಅಕ್ಷರದ ಫಾಂಟನ್ನಲ್ಲ. ನನ್ನ ಫಾಂಟಿನಲ್ಲಿ ಎಕ್ಸ್ ಅಕ್ಷರವೇ ಇಲ್ಲ, ಇರುವುದೊಂದು ಗೊರಬು. ಹಾಗಾಗಿ ಆ ಅಳತೆ ಬರೆಯುವುದೇ ನನಗೆ ಹೊಳೆದಿರಲಿಲ್ಲ. ಖಾಲಿ ಬಿಟ್ಟದ್ದನ್ನು ಟೆಕ್ ಸೊನ್ನೆ ಎಂದು ಓದಿ, 6.83ರಲ್ಲಿ ಸೊನ್ನೆ ಕಳೆದು ಪೂರ್ತಿ 6.83 ಎತ್ತಿತು. ಫಾಂಟಿನ ಐದನೇ ಅಳತೆ, ಫಾಂಟ್‌ಡೈಮನ್ 5 ಅನ್ನುತ್ತಾರೆ. ಅಲ್ಲಿ 4.3055 ತುಂಬಿದೆ. ಗೊರಬು ಇಳಿದು ನೆತ್ತಿಯ ಮೇಲೆ ಕೂತಿತು. ಪಕ್ಕದ ಲೆಕ್ಕಕ್ಕೆ ನಾನು ಏನೂ ಮಾಡಬೇಕಾಗಲಿಲ್ಲ. ಪಿ ಅಕ್ಷರದ 0.83 ಅದರ ಫಾಂಟಿನಲ್ಲೇ ಇತ್ತಲ್ಲ.

ಒಂದು ಖರ್ಚಿನ ವಿಷಯ. ಹಳೆಯ ಟೆಕ್‌ನಲ್ಲಿ ಗಣಿತದ ಫಾಂಟ್ ಕುಟುಂಬಗಳಿಗೆ ಇರುವುದು 16 ಕೋಣೆ ಮಾತ್ರ, ಮೊದಲ ನಾಲ್ಕು ಲೇಟೆಕ್‌ನದೇ. ಒಂದು ಗೊರಬಿಗೆ ಒಂದು ಕೋಣೆ ಹೋಯಿತು. ಹತ್ತು ಪ್ಯಾಕೇಜ್ ಹಾಕುವವರು ಇದನ್ನು ಯೋಚಿಸಬೇಕು. ಟೆಕ್‌ನ ಹೊಸ ರೂಪಗಳಾದ ಕ್ಸೀಟೆಕ್, ಲುವಾಟೆಕ್‌ಗಳಲ್ಲಿ 256 ಇವೆ, ಅಲ್ಲಿ ಚಿಂತೆ ಇಲ್ಲ. ಅಲ್ಲಿ ಯೂನಿಕೋಡ್ ಗಣಿತ ಫಾಂಟುಗಳೂ ಬರುತ್ತವೆ. ಮೈಕ್ರೋಸಾಫ್ಟ್ 2007ರ ಆಫೀಸಿಗಾಗಿ ಕೇಂಬ್ರಿಯಾ ಮ್ಯಾಥ್ ಎಂಬ ಫಾಂಟ್ ಮಾಡುವಾಗ ಹುಟ್ಟಿದ, ಫಾಂಟಿನೊಳಗಿನ ಮ್ಯಾಥ್ ಕೋಷ್ಟಕದಲ್ಲಿ ಪ್ರತಿ ಅಕ್ಷರಕ್ಕೂ "ನಿನ್ನ ನೆತ್ತಿ ಎಲ್ಲಿ" ಎಂದು ನೇರವಾಗಿಯೇ ಬರೆಯುವ ಜಾಗವಿದೆ. ಕರ್ನ್ ಒಳಗೆ ಬಚ್ಚಿಡುವ ಕಳ್ಳಾಟ ಬೇಡ. ಅಲ್ಲಿನ ಗುರುತುಗಳ ಪಟ್ಟಿ ನೋಡುವಾಗ ಕ್ಯಾಂಡ್ರ ಎಂಬುದೊಂದು ಕಂಡಿತು. ಏನಪ್ಪಾ ಇದು ಅಂದರೆ ನಮ್ಮ ಚಂದ್ರಬಿಂದು! ಹೆಸರು ಕತ್ತರಿಸಿಕೊಂಡು ಗಣಿತದ ಸಭೆಯಲ್ಲಿ ಕೂತಿದೆ. ತಲೆಕೆಳಗಾದ ಬ್ರೀವ್ ಎಂದು ನಮ್ಮ ಕಮಾನಿಗೂ ಯೂನಿಕೋಡಿನಲ್ಲಿ 0311 ಎಂಬ ಸಂಖ್ಯೆ ಇದೆ. ಆದರೆ ನೀವು ಆರಿಸಿದ ಫಾಂಟಿನಲ್ಲಿ ಅದು ಇರಲೇಬೇಕೆಂದಿಲ್ಲ. ಇಲ್ಲದಿದ್ದರೆ ಟೆಕ್ ಕೂಗುವುದಿಲ್ಲ, ಲಾಗ್ ಫೈಲಿನ ಮೂಲೆಯಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಟ್ರೇಸಿಂಗ್‌ಲಾಸ್ಟ್‌ಚಾರ್ಸ್ ಬೆಲೆ 3 ಇಟ್ಟರೆ 2021ರಿಂದೀಚಿನ ಟೆಕ್ ಲೈವ್‌ನಲ್ಲಿ ಅದೇ ದೋಷವಾಗಿ ಎದುರು ನಿಲ್ಲುತ್ತದೆ. ಇಟ್ಟುಕೊಳ್ಳಿ.

ಗುರುತಿನ ಮೇಲೆ ಗುರುತು ಬಂದಾಗ ಇನ್ನೊಂದು ಸಿಕ್ಕು. ನೆರಳಿನ ಮಳೆಯ ಸರಾಸರಿ ಬೇಕು: ಪಿ, ಅದರ ಮೇಲೆ ಗೊರಬು, ಅದರ ಮೇಲೆ ಗೀಟು. ಗೀಟಿಗೆ ಕೆಳಗೆ ಕಾಣುವುದು ಒಂಟಿ ಅಕ್ಷರವಲ್ಲ, ಒಂದು ಗಂಟು. ಗಂಟಿಗೆ ನೆತ್ತಿಯ ಲೆಕ್ಕ ಇಲ್ಲ, ಪಕ್ಕಕ್ಕೆ ಸರಿಸುವ ಅಳತೆ ಸೊನ್ನೆಯಾಗಿ ಗೀಟು ಎಡಕ್ಕೆ ಜಾರುತ್ತದೆ. ಎಎಂಎಸ್‌ಮ್ಯಾಥ್ ಪ್ಯಾಕೇಜ್ ಹ್ಯಾಟ್ ಮೇಲಿನ ಹ್ಯಾಟ್‌ನಂಥವನ್ನು ಸರಿಪಡಿಸಿಕೊಳ್ಳುತ್ತದೆ. ನಿಮ್ಮದೇ ಗುರುತು ತಪ್ಪಿ ಕೂತರೆ ಸ್ಕ್ಯೂ ಎಂಬ ಆಜ್ಞೆಯಿಂದ ಕೈಯಲ್ಲೇ ತಳ್ಳಬಹುದು.

ಹೆಸರಿಡುವ ವಿಚಾರಕ್ಕೆ ಬರುತ್ತೇನೆ, ಇಲ್ಲಿ ಜಗಳವಾಡುವಷ್ಟು ಅಭಿಪ್ರಾಯ ನನಗಿದೆ. ಗುರುತಿಗೆ ಗೊರಬು ಎಂದು ಹೆಸರಿಡಿ, ಆದರೆ ಬರಹದೊಳಗೆ ಗೊರಬು ಎಂದು ಬರೆಯಬೇಡಿ. ನೆರಳುಮಳೆ ಎಂದು ಇನ್ನೊಂದು ಆಜ್ಞೆ ಮಾಡಿ, ಅದರೊಳಗೆ ಗೊರಬು ಮತ್ತು ಪಿ ಇರಲಿ. ನನ್ನ ಸ್ನೇಹಿತರು ಕರಡು ಓದಿದ ಮೇಲೆ "ಕಮಾನು ಪಿಗೆ ಬೇಡ, ಆರ್ ಅಕ್ಷರಕ್ಕೆ ಹಾಕೋಣ" ಅಂದರು. ಒಂದು ಸಾಲು ಬದಲಿಸಿದೆ. ಎರಡು ದಿನ ಬಿಟ್ಟು "ಪಿಯೇ ಇರಲಿ ಮಾಷ್ಟ್ರೇ" ಅಂದರು. ಮತ್ತೆ ಅದೇ ಸಾಲು.

ಇರುವ ಹೆಸರಿನ ಮೇಲೆ ಕೈಹಾಕುವಾಗಲೂ ಎಚ್ಚರ. ನನಗೆ ಗೊತ್ತಿರುವವರೊಬ್ಬರು ಕಲನಶಾಸ್ತ್ರದ ನೆಟ್ಟನೆಯ ಡಿ ಬರೆಯಲೆಂದು ಬ್ಯಾಕ್‌ಸ್ಲ್ಯಾಶ್ ಡಿ ಎಂಬ ಆಜ್ಞೆಯನ್ನೇ ಹೊಸದಾಗಿ ಅರ್ಥೈಸಿದರು. ನ್ಯೂಕಮಾಂಡ್ ಬಳಸಿದ್ದರೆ "ಈ ಹೆಸರು ಆಗಲೇ ಇದೆ" ಅಂತ ಲೇಟೆಕ್ ತಡೆಯುತ್ತಿತ್ತು. ಅವರು ಡೆಫ್ ಬಳಸಿದ್ದರು. ಇಪ್ಪತ್ತು ಪುಟ ಚೆನ್ನಾಗಿಯೇ ಬಂತು. ಕೊನೆಯ ಗ್ರಂಥಸೂಚಿಯಲ್ಲಿ ಎಲ್ಲ ಕೆಟ್ಟಿತು, "ಇದನ್ನು ಗಣಿತದಲ್ಲಿ ಮಾತ್ರ ಬಳಸಬೇಕು" ಎಂದು ದೋಷದ ಮೇಲೆ ದೋಷ. ಯಾಕೆ? ಬ್ಯಾಕ್‌ಸ್ಲ್ಯಾಶ್ ಡಿ ಮೂಲದಲ್ಲಿ ಅಕ್ಷರದ ಕೆಳಗೆ ಚುಕ್ಕೆ ಇಡುವ ಆಜ್ಞೆ. ರೋಮನ್ ಲಿಪಿಯಲ್ಲಿ ನಮ್ಮ ಊರಿನ ಹೆಸರನ್ನು ಶುದ್ಧವಾಗಿ ಬರೆಯಲು ಡಕಾರದ ಕೆಳಗೆ ಆ ಚುಕ್ಕೆ ಬೇಕು. ಅವರ ಗ್ರಂಥಸೂಚಿಯಲ್ಲಿ ಕೊಡಗು ಎಂಬ ಪದ ಆರು ಕಡೆ ಇತ್ತು.

ಹಿಂದಿನ ಸಾಲಿನಲ್ಲಿ ಕೂತ ಅಕ್ಕ ಒಬ್ಬರು ಬರುವಾಗಲೇ ಒಂದು ಪ್ರಶ್ನೆ ಕೊಟ್ಟಿದ್ದರು: ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಕನ್ನಡದ ಗುಣಿತಕ್ಕೆ ಸಿಗದ ಸ್ವರಗಳಿವೆ, ಕನ್ನಡ ಅಕ್ಷರದ ಮೇಲೆ ಒಂದು ಗುರುತು ಹಾಕಿ ಅವನ್ನು ತೋರಿಸಲು ಈ ದಾರಿ ಆಗುತ್ತದೆಯೇ ಎಂದು. ಆಗುವುದಿಲ್ಲ ಅಕ್ಕ. ಇವತ್ತು ಹೇಳಿದ್ದೆಲ್ಲ ಗಣಿತದ ಆವರಣದೊಳಗಿನ ಮಾತು. ಅಲ್ಲಿಂದ ಹೊರಗೆ, ಸಾಲುಬರಹದಲ್ಲಿ, ಗುರುತು ಕೂರುವುದು ಫಾಂಟಿನ ಬೇರೊಂದು ಕೋಷ್ಟಕದ ಪ್ರಕಾರ. ಅಲ್ಲಿ ಪ್ರತಿ ಅಕ್ಷರಕ್ಕೂ ಪ್ರತಿ ಗುರುತಿಗೂ ಆಂಕರ್ ಎಂಬ ಗೂಟ ಹೊಡೆದಿರಬೇಕು, ಒಂದರ ಗೂಟಕ್ಕೆ ಇನ್ನೊಂದರ ಗೂಟ ಸೇರುತ್ತದೆ. ಕ, ಕಿ, ಕು, ಕ್ಕ ಎಲ್ಲಕ್ಕೂ ನೆತ್ತಿ ಬೇರೆ ಬೇರೆ ಕಡೆ, ಅಷ್ಟೂ ಗೂಟಗಳನ್ನು ಫಾಂಟ್ ಮಾಡುವವರೇ ಹೊಡೆಯಬೇಕು. ನನ್ನ ಫಾಂಟಿನಲ್ಲಿರುವುದು ಒಂದೇ ಒಂದು ಗೊರಬು. ಅದನ್ನು ಬೇಕಿದ್ದರೆ ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ.